ಮೆಡಿಕಲ್ ಶಾಪ್‌ಗೆ ಕೊಟ್ಟ ದುಡ್ಡು ಸ್ಟೇಟ್‌ಮೆಂಟ್‌ನಲ್ಲಿ ಹುಡುಕೋದು ಹೇಗೆ?

ಸ್ಟೇಟ್‌ಮೆಂಟ್‌ನಲ್ಲಿ ಯಾರದ್ದೋ ಹೆಸರು ಕಂಡ ತಕ್ಷಣ ಗಾಬರಿಯಾಗಬೇಡಿ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನೀವು ಮಾತ್ರೆ ತಗೊಂಡ ಅಂಗಡಿಯ ಬೋರ್ಡಿನ ಮೇಲೆ ದೇವರ ಹೆಸರಿರಬಹುದು, ಖಾತೆ ಮಾತ್ರ ಮಾಲೀಕರ ಹೆಸರಲ್ಲಿರಬಹುದು. ಕ್ಯೂಆರ್ ಯಾರ ಖಾತೆಗೆ ಜೋಡಿಸಿದೆಯೋ ಅವರ ಹೆಸರೇ ಬರೋದು.

ಹೆಸರು ಬಿಡಿ, ನಂಬರ್ ನೋಡಿ. ಪ್ರತಿ ಯುಪಿಐ ಪಾವತಿಗೂ ಸ್ಟೇಟ್‌ಮೆಂಟ್‌ನಲ್ಲಿ 12 ಅಂಕಿಯ ಒಂದು ನಂಬರ್ ಇರುತ್ತದೆ. ಫೋನ್‌ಪೇ ಅಥವಾ ಗೂಗಲ್‌ಪೇ ಹಿಸ್ಟರಿಯಲ್ಲಿ ಆ ಪಾವತಿ ತೆರೆದರೆ ಅದೇ ನಂಬರ್ ಸಿಗುತ್ತದೆ. ಎರಡೂ ಹೊಂದಿದರೆ ಮುಗೀತು. ಕಾರ್ಡ್ ಉಜ್ಜಿದ್ದರೆ ತಾರೀಖು ಒಂದೆರಡು ದಿನ ಆಚೀಚೆ ಆಗಬಹುದು.

ಬಿಲ್ ಕೇಳಿ ತಗೊಳ್ಳಿ, ಅಲ್ಲೇ ಫೋಟೋ ಹೊಡ್ಕೊಳ್ಳಿ. ಆ ನುಣುಪು ಕಾಗದದ ಅಕ್ಷರ ಬೇಗ ಮಾಸುತ್ತದೆ. ಬಿಡಿ ಮಾತ್ರೆ ತಗೊಂಡರೆ ಲೆಕ್ಕ ಹಾಕಿ: 10 ಮಾತ್ರೆಯ ಪಟ್ಟಿಗೆ ಎಂಆರ್‌ಪಿ 85 ರೂಪಾಯಿ ಅಂದರೆ 6ಕ್ಕೆ 51. ಎಂಆರ್‌ಪಿಯಲ್ಲೇ ತೆರಿಗೆ ಸೇರಿರುತ್ತದೆ. ಅದರ ಮೇಲೆ ಜಿಎಸ್‌ಟಿ ಅಂತ ಕೇಳಿದರೆ ಸುಮ್ನೆ ಕೊಡಬೇಡಿ.

ಒಂದೇ ಬಿಲ್‌ಗೆ ಎರಡು ಸಲ ದುಡ್ಡು ಹೋಗಿದ್ರೆ ಮೊದಲು ಅಂಗಡಿಯವರಿಗೇ ತೋರಿಸಿ. ಜಗಳ ಬೇಡ, ಅವರ ಖಾತೆಗೂ ಎರಡು ಸಲ ಬಂದಿದೆಯಾ ಅಂತ ಅಲ್ಲೇ ನೋಡಿಸಿ.

ನೀವು ಮಾಡದೇ ಇರೋ ಪಾವತಿ ಅನ್ನೋದು ಖಾತ್ರಿಯಾದರೆ ತಡ ಮಾಡಬೇಡಿ. ಬ್ಯಾಂಕಿಗೆ ಲಿಖಿತ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಹೊರಗಿನವರ ಮೋಸವಾಗಿದ್ದು, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದಿದ್ದರೆ, ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ನಷ್ಟ ಹೊರಿಸಬಾರದು ಅಂತ 2017ರ ಆರ್‌ಬಿಐ ಸುತ್ತೋಲೆ ಹೇಳಿತ್ತು.