ರಿವೆಟ್ ಹಾಕಿದ ಅಲ್ಯೂಮಿನಿಯಂ ತಗಡು ಎಷ್ಟು ಕಾಲ ತಾಳುತ್ತದೆ?

ವಾಹನದ ಮೈ ಹಗುರವಾಗಲೆಂದು ಉಕ್ಕಿನ ಜಾಗಕ್ಕೆ ಅಲ್ಯೂಮಿನಿಯಂ ತಂದರೆ ಮೊದಲು ತಕರಾರು ತೆಗೆಯುವುದು ಸ್ಪಾಟ್ ವೆಲ್ಡಿಂಗ್, ಅಂದರೆ ಎರಡು ಎಲೆಕ್ಟ್ರೋಡುಗಳ ನಡುವೆ ತಗಡುಗಳನ್ನು ಒತ್ತಿ ವಿದ್ಯುತ್ ಹಾಯಿಸಿ ಚುಕ್ಕೆಗಳಾಗಿ ಬೆಸೆಯುವ ವಿಧಾನ. ಅಲ್ಯೂಮಿನಿಯಂನಲ್ಲಿ ಶಾಖ ಬೇಗ ಹರಿದು ಹೋಗುತ್ತದೆ, ಅದರ ಆಕ್ಸೈಡ್ ಪದರ ಎಲೆಕ್ಟ್ರೋಡುಗಳನ್ನು ಕೆಡಿಸುತ್ತದೆ. ಹಾಗಾಗಿಯೇ 2003ರ ಜಾಗ್ವಾರ್ ಎಕ್ಸ್‌ಜೆ, 2015ರ ಫೋರ್ಡ್ ಎಫ್-150 ಮುಂತಾದವು ಸ್ವಯಂ ಚುಚ್ಚುವ ರಿವೆಟ್ಟುಗಳನ್ನು ನೆಚ್ಚಿಕೊಂಡವು. ಗಟ್ಟಿ ಉಕ್ಕಿನ ಟೊಳ್ಳು ರಿವೆಟ್ ಮೇಲಿನ ತಗಡನ್ನು ತೂತು ಮಾಡಿ, ಕೆಳಗಿನ ತಗಡಿನೊಳಗೆ ಕಾಲು ಅಗಲಿಸಿ ಕಚ್ಚಿಕೊಳ್ಳುತ್ತದೆ. ಈ ಜೋಡಣೆಗಳು ರಸ್ತೆಯ ಕುಲುಕಾಟವನ್ನು ಎಷ್ಟು ಆವರ್ತಗಳವರೆಗೆ (ಬಲದ ಒಂದು ಏರಿಳಿತ ಒಂದು ಆವರ್ತ) ತಾಳುತ್ತವೆ ಎಂದು ಬೆಂಗಳೂರಿನಲ್ಲಿ ಕುಳಿತು ಲೆಕ್ಕ ಹಾಕುವುದು ನನ್ನ ಕೆಲಸ.

ನಾನು ಶುರು ಮಾಡಿದ್ದು ಎರಡು ಬಗೆಯ ಮಾದರಿಗಳಿಂದ. ಒಂದರಲ್ಲಿ ತಗಡುಗಳು ಒಂದರ ಮೇಲೊಂದು ಕೂತು ಅಡ್ಡಕ್ಕೆ ಎಳೆಸಿಕೊಳ್ಳುತ್ತವೆ. ಇನ್ನೊಂದರಲ್ಲಿ ಎಲ್ ಆಕಾರಕ್ಕೆ ಬಗ್ಗಿಸಿದ ತಗಡುಗಳನ್ನು ಸಿಪ್ಪೆ ಸುಲಿದಂತೆ ಬೇರೆ ಮಾಡಲಾಗುತ್ತದೆ. ತೆಳು ತಗಡು ಒತ್ತಿದರೆ ಬಾಗಿಬಿಡುವುದರಿಂದ ಎಳೆಯುವ ಬಲವನ್ನಷ್ಟೇ ಏರಿಳಿಸುತ್ತೇವೆ, ಕನಿಷ್ಠ ಬಲ ಗರಿಷ್ಠದ ಹತ್ತನೇ ಒಂದು ಪಾಲು ಇರುವಂತೆ. ಬಲ ಮತ್ತು ಆವರ್ತಗಳ ನಕ್ಷೆ ಬರೆದರೆ ಎರಡು ಗುಂಪುಗಳೂ ದೂರ ದೂರ ನಿಲ್ಲುತ್ತವೆ. ಸುಲಿಯುವ ಮಾದರಿ ತೀರಾ ಕಡಿಮೆ ಬಲಕ್ಕೇ ಮುರಿಯುತ್ತದೆ. ನಿಜವಾದ ವಾಹನದಲ್ಲಿ ಪ್ರತಿ ರಿವೆಟ್ಟೂ ಈ ಎರಡರ ಬೆರಕೆಯನ್ನು ಅನುಭವಿಸುವುದರಿಂದ ಯಾವ ರೇಖೆಯನ್ನೂ ಹಾಗೆಯೇ ಎತ್ತಿ ಬಳಸುವಂತಿಲ್ಲ.

ಬಲವನ್ನು ಬಿಟ್ಟು, ರಿವೆಟ್ಟಿನ ಅಂಚಿನಲ್ಲಿ ತಗಡು ಅನುಭವಿಸುವ ಒತ್ತಡವನ್ನು ಹಿಡಿಯಬೇಕು. ಸ್ಪಾಟ್ ವೆಲ್ಡ್‌ಗಾಗಿ ರೂಪ್, ಸ್ಟೋರ್ಜೆಲ್, ಗ್ರುಬಿಸಿಕ್ ಎಂಬ ಸಂಶೋಧಕರು 1995ರಲ್ಲಿ ಮಂಡಿಸಿದ ವಿಧಾನವನ್ನೇ ನಾನು ರಿವೆಟ್ಟಿಗೆ ಹೊಂದಿಸಿಕೊಂಡೆ. ಕಂಪ್ಯೂಟರ್ ಮಾದರಿಯಲ್ಲಿ ಎರಡು ತಗಡುಗಳ ನಡುವೆ ರಿವೆಟ್ಟಿನ ಬದಲಿಗೆ ಒಂದು ಬೀಮ್ (ಸರಳ ದಂಡ) ಇಟ್ಟು, ಅದರ ಮೂಲಕ ಹರಿಯುವ ಬಲಗಳನ್ನೂ ಬಾಗುಬಲಗಳನ್ನೂ ಓದಿಕೊಳ್ಳುತ್ತೇನೆ. ಅವುಗಳಿಂದ ರಿವೆಟ್ಟಿನ ಸುತ್ತ ಪ್ರತಿ ಕೋನದಲ್ಲೂ ಒತ್ತಡ ಎಷ್ಟೆಂದು ಸೂತ್ರ ಹೇಳುತ್ತದೆ. ಇದಕ್ಕೆ ಮಾದರಿಯನ್ನು ತೀರಾ ಸಣ್ಣ ತುಣುಕುಗಳಾಗಿ (ಎಲಿಮೆಂಟುಗಳಾಗಿ) ಒಡೆಯುವ ಅತಿ ಸೂಕ್ಷ್ಮ ಜಾಲರಿ ಬೇಕಿಲ್ಲ. ಸಾವಿರಾರು ಜೋಡಣೆಗಳಿರುವ ಪೂರ್ತಿ ವಾಹನಕ್ಕೆ ಇದು ದೊಡ್ಡ ಅನುಕೂಲ. ಹೀಗೆ ಒತ್ತಡಕ್ಕೆ ಇಳಿಸಿ ಮತ್ತೆ ನಕ್ಷೆ ಬರೆದಾಗ ಅಷ್ಟು ದೂರವಿದ್ದ ಎರಡು ಗುಂಪುಗಳೂ ಒಂದೇ ಪಟ್ಟಿಯೊಳಗೆ ಬಂದು ಕೂತವು. ಈ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ನಕ್ಷೆ ಅದು.

ದಪ್ಪದ ಪಾತ್ರ ಎಷ್ಟು ದೊಡ್ಡದೆಂಬುದೂ ಆಗಲೇ ಕಣ್ಣಿಗೆ ಕಟ್ಟುತ್ತದೆ. ಬಾಗುವಿಕೆಯ ಒತ್ತಡ ದಪ್ಪದ ವರ್ಗಕ್ಕೆ ವಿಲೋಮವಾಗಿರುತ್ತದೆ. ಅದೇ ಬಾಗುಬಲಕ್ಕೆ 2 ಮಿಲಿಮೀಟರ್ ತಗಡನ್ನು 1.5ಕ್ಕೆ ಇಳಿಸಿದರೆ ಒತ್ತಡ ಸುಮಾರು 1.78 ಪಟ್ಟಾಗುತ್ತದೆ. ನಕ್ಷೆಯ ಘಾತ 5, ಅಂದರೆ ಆಯುಷ್ಯ ಒತ್ತಡದ ಐದನೇ ಘಾತಕ್ಕೆ ವಿಲೋಮ ಎಂದಿಟ್ಟುಕೊಂಡರೆ, ಅದು ಹದಿನೆಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಸ್ಪಾಟ್ ವೆಲ್ಡ್ ಸೂತ್ರದಲ್ಲಿ ದಪ್ಪದ ವರ್ಗಮೂಲವನ್ನು ಅವಲಂಬಿಸಿದ ತಿದ್ದುಪಡಿಯೊಂದಿದೆ. ಅದನ್ನು ಸೇರಿಸಿದರೂ ಆಯುಷ್ಯ ಒಂಬತ್ತನೇ ಒಂದು ಭಾಗದ ಆಸುಪಾಸಿಗೆ ಬಂದು ನಿಲ್ಲುತ್ತದೆ. ತೂಕ ಉಳಿಸಲು ಅರ್ಧ ಮಿಲಿಮೀಟರ್ ತೆಗೆಯೋಣವೆಂದು ಯಾರಾದರೂ ಕೇಳಿದಾಗ ಈ ಲೆಕ್ಕವನ್ನು ಮುಂದಿಡುತ್ತೇನೆ.

ಸೂತ್ರದಷ್ಟೇ ಮುಖ್ಯವಾದದ್ದು ಮುರಿದ ತುಂಡು. ಪ್ರತಿ ಮಾದರಿಯನ್ನೂ ಬಿಚ್ಚಿ ನೋಡಬೇಕೆಂಬುದು ನನ್ನ ಹಟ. ರಿವೆಟ್ ಸಾಮಾನ್ಯವಾಗಿ ಮುರಿಯುವುದಿಲ್ಲ, ಬಿರುಕು ಬಿಡುವುದು ತಗಡು. ಅಡ್ಡ ಎಳೆತದಲ್ಲಿ ಎರಡು ತಗಡುಗಳು ತಾಗುವ ಕಡೆ ಕಪ್ಪು ಪುಡಿ ಕಾಣುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜಾರುವಿಕೆಯಲ್ಲಿ ಅಲ್ಯೂಮಿನಿಯಂ ತಿಕ್ಕಿ ಉದುರಿಸಿದ ಆಕ್ಸೈಡ್ ಅದು. ಕಡಿಮೆ ಬಲದ, ದೀರ್ಘ ಆಯುಷ್ಯದ ಪರೀಕ್ಷೆಗಳಲ್ಲಿ ಬಿರುಕು ಹೆಚ್ಚಾಗಿ ಈ ತಿಕ್ಕಾಟದ ಗುರುತಿನಿಂದಲೇ ಹೊರಡುತ್ತದೆ, ರಿವೆಟ್ಟಿನ ಅಂಚಿನಿಂದಲ್ಲ. ಸೂತ್ರಕ್ಕೆ ತಿಕ್ಕಾಟ ಗೊತ್ತಿಲ್ಲ. ಪರೀಕ್ಷೆಯ ಅಂಕಿಗಳಿಗೆ ರೇಖೆಯನ್ನು ಹೊಂದಿಸುವಾಗ ಅದು ಪರೋಕ್ಷವಾಗಿ ಒಳಸೇರುತ್ತದೆ, ಅಷ್ಟೇ. ಆದ್ದರಿಂದ ಒಂದು ಮಿಶ್ರಲೋಹಕ್ಕೆ, ಒಂದು ರಿವೆಟ್ಟಿಗೆ ಪಡೆದ ರೇಖೆಯನ್ನು ಇನ್ನೊಂದಕ್ಕೆ ಅಂಟಿಸಲು ನಾನು ಒಪ್ಪುವುದಿಲ್ಲ. ರಿವೆಟ್ಟನ್ನು ಅಡ್ಡಕ್ಕೆ ಕೊಯ್ದು, ಕಾಲುಗಳು ಎಷ್ಟು ಕಚ್ಚಿವೆ, ತಳದಲ್ಲಿ ಎಷ್ಟು ಲೋಹ ಉಳಿದಿದೆ ಎಂದು ಅಳೆಯುವುದೂ ಇದೇ ಕಾರಣಕ್ಕೆ.

ರಸ್ತೆಯ ಬಲ ಒಂದೇ ಮಟ್ಟದಲ್ಲಿರುವುದಿಲ್ಲವಾದ್ದರಿಂದ ಆವರ್ತಗಳನ್ನು ಎಣಿಸಿ ಮೈನರ್ ನಿಯಮದಂತೆ ಹಾನಿಯನ್ನು ಕೂಡಿಸುತ್ತೇನೆ: ಪ್ರತಿ ಮಟ್ಟದಲ್ಲೂ ಕಳೆದ ಆವರ್ತಗಳು ಆ ಮಟ್ಟದ ಆಯುಷ್ಯದ ಎಷ್ಟು ಪಾಲು ಎಂದು ನೋಡಿ ಕೂಡಿಸುವುದು, ಮೊತ್ತ 1 ಆದರೆ ಆಯುಷ್ಯ ಮುಗಿದಂತೆ. ಮೊತ್ತ 1 ಮುಟ್ಟುವವರೆಗೆ ಕಾಯುವುದು ನನಗೆ ಒಪ್ಪಿಗೆಯಿಲ್ಲ. ಅಂತರರಾಷ್ಟ್ರೀಯ ವೆಲ್ಡಿಂಗ್ ಸಂಸ್ಥೆ ಬೆಸುಗೆಗಳಿಗೆ 0.5 ಎಂಬ ಮಿತಿಯನ್ನು ಸೂಚಿಸುತ್ತದೆ. ರಿವೆಟ್ಟುಗಳಿಗೂ ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಲೆಕ್ಕ ಹಾಕಿದ ಆಯುಷ್ಯಕ್ಕೂ ಪರೀಕ್ಷೆಯಲ್ಲಿ ಸಿಕ್ಕ ಆಯುಷ್ಯಕ್ಕೂ ವ್ಯತ್ಯಾಸ ಮೂರು ಪಟ್ಟಿನೊಳಗಿದ್ದರೆ ನನಗೆ ಸಮಾಧಾನ, ಏಕೆಂದರೆ ಒಂದೇ ಬಲದಲ್ಲಿ ಪರೀಕ್ಷಿಸಿದ ಒಂದೇ ಬಗೆಯ ತುಂಡುಗಳ ನಡುವೆಯೂ ಸಾಕಷ್ಟು ಅಂತರ ಇರುತ್ತದೆ.

ಈಗ ಮೇಜಿನ ಮೇಲಿರುವುದು ರಿವೆಟ್ಟಿನ ಜೊತೆ ಅಂಟನ್ನೂ ಹಾಕಿದ ಜೋಡಣೆಗಳು. ಅಲ್ಲಿ ಬಲದ ಬಹುಪಾಲು ಅಂಟಿನ ಮೂಲಕವೇ ಸಾಗುತ್ತದೆ. ಒಂದೇ ಬೀಮ್ ಓದಿ ಒತ್ತಡ ಹೇಳುವ ದಾರಿ ಅಲ್ಲಿ ಸಾಲದು. ಅಂಟಿನ ಪದರಕ್ಕೆ ಬೇರೆ ಎಲಿಮೆಂಟುಗಳು, ಅದರ ಅಂಚಿಗೆ ಬೇರೆ ಮಾನದಂಡ ಬೇಕು.