ಬೈಕನ್ನು ಚಳಿಗಾಲಕ್ಕೆ ನಿಲ್ಲಿಸುವ ಮುನ್ನ: ಟೊರೊಂಟೊ ಸುತ್ತಲಿನ ಹೊಸಬರಿಗೆ

ನಿಂತ ಬೈಕನ್ನು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡುವುದು ಊರಿನ ಅಭ್ಯಾಸ. ಇಲ್ಲಿ ಅದನ್ನು ಮಾಡಬೇಡಿ. ಟೊರೊಂಟೊ, ಮಿಸ್ಸಿಸಾಗಾ, ಬ್ರ್ಯಾಂಪ್ಟನ್ ಕಡೆ ಬಹುಪಾಲು ಬೈಕುಗಳು ನವೆಂಬರ್‌ನಿಂದ ಮಾರ್ಚ್ ಮುಗಿಯುವವರೆಗೂ ನಿಂತೇ ಇರುತ್ತವೆ. ಆ ಚಳಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ, ಪೆಟ್ರೋಲ್ ಉರಿದಾಗ ಹುಟ್ಟುವ ಆವಿ ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ನೀರಾಗಿ ಉಳಿದುಬಿಡುತ್ತದೆ. ಸೈಲೆನ್ಸರಿಗೆ ಒಳಗಿಂದ ತುಕ್ಕು ಹಿಡಿಯುತ್ತದೆ. ಸೆಲ್ಫ್ ಎಳೆದ ಚಾರ್ಜ್ ಕೂಡ ಐದು ನಿಮಿಷದಲ್ಲಿ ಬ್ಯಾಟರಿಗೆ ಮರಳುವುದಿಲ್ಲ. ಮನೆಗೆ ಅಂಟಿದ ಗ್ಯಾರೇಜಾದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ನುಗ್ಗುವ ಅಪಾಯ ಬೇರೆ.

ಹಿಮ ಕರಗಿಸಲು ರಸ್ತೆಗೆ ಉಪ್ಪು ಬೀಳುವ ಮುಂಚೆ, ಅಕ್ಟೋಬರ್ ಕೊನೆಯೊಳಗೆ ಕೆಲಸ ಮುಗಿಸಿ. ಮೊದಲು ಪೆಟ್ರೋಲ್. ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿಗೆ ಜಾಗ ಹೆಚ್ಚು, ಕಬ್ಬಿಣದ ಟ್ಯಾಂಕ್ ಆದರೆ ತುಕ್ಕು ಹಿಡಿಯಬಹುದು. ಬಂಕಿಗೆ ಹೋಗುವಾಗಲೇ ಫ್ಯುಯೆಲ್ ಸ್ಟೆಬಿಲೈಸರ್ (ನಿಂತ ಪೆಟ್ರೋಲ್ ಕೆಡದಂತೆ ತಡೆಯುವ ದ್ರವ) ಜೊತೆಗಿರಲಿ. ಸಾಮಾನ್ಯವಾಗಿ 10 ಲೀಟರಿಗೆ ಸುಮಾರು 30 ಮಿ.ಲೀ., ಅಂದರೆ 13 ಲೀಟರಿನ ಟ್ಯಾಂಕಿಗೆ 40 ಮಿ.ಲೀ. (ಬ್ರ್ಯಾಂಡಿಗೆ ತಕ್ಕಂತೆ ಬದಲಾಗುತ್ತದೆ, ಲೇಬಲ್ ಓದಿ). ಮೊದಲು ಅದನ್ನು ಸುರಿದು, ಮೇಲೆ ಪೆಟ್ರೋಲ್ ತುಂಬಿಸಿದರೆ ಚೆನ್ನಾಗಿ ಬೆರೆಯುತ್ತದೆ. ಮನೆಗೆ ಹತ್ತು ನಿಮಿಷ ಓಡಿಸಿಕೊಂಡು ಬಂದರೆ ಇಂಜೆಕ್ಟರಿನವರೆಗೂ ತಲುಪುತ್ತದೆ. ಕಾರ್ಬುರೇಟರ್ ಬೈಕಾದರೆ ಪೆಟ್ರೋಲ್ ನಾಬ್ ಮುಚ್ಚಿ ಫ್ಲೋಟ್ ಬೌಲ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಖಾಲಿ ಮಾಡಿ. ಇಲ್ಲವಾದರೆ ವಸಂತದಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರಗಳಾದ ಜೆಟ್‌ಗಳು ಅಂಟು ಕಟ್ಟಿರುತ್ತವೆ.

ಇಂಜಿನ್ ಬಿಸಿ ಇರುವಾಗಲೇ ಆಯಿಲ್, ಫಿಲ್ಟರ್ ಬದಲಿಸಿ, ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. "ಏಪ್ರಿಲ್‌ನಲ್ಲಿ ಮಾಡೋಣ" ಅನ್ನುವವರು ಹಳೆ ಆಯಿಲಿನ ಆಮ್ಲದಲ್ಲಿ ಬೇರಿಂಗುಗಳನ್ನು ನಾಲ್ಕೈದು ತಿಂಗಳು ನೆನೆಹಾಕಿದಂತೆ.

ಅಕ್ಟೋಬರಿನಲ್ಲಿ ಸೆಕೆಂಡ್‌ಹ್ಯಾಂಡ್ ಬೈಕು ಅಗ್ಗವೆಂದು ಕೊಂಡವರು ಕೂಲಂಟ್ (ಇಂಜಿನ್ ತಂಪಾಗಿಸುವ ದ್ರವ) ಪರೀಕ್ಷಿಸಲೇಬೇಕು. ಆಂಟಿಫ್ರೀಜ್, ನೀರಿನ 50:50 ಮಿಶ್ರಣ ಸುಮಾರು -37 ಡಿಗ್ರಿವರೆಗೆ ಹೆಪ್ಪುಗಟ್ಟದೆ ತಡೆಯುತ್ತದೆ. ಹಿಂದಿನವರು ಬರೀ ನೀರು ತುಂಬಿದ್ದರೆ ಅದು ಹೆಪ್ಪುಗಟ್ಟಿ ರೇಡಿಯೇಟರನ್ನೋ ಇಂಜಿನ್ ಬ್ಲಾಕನ್ನೋ ಸೀಳುತ್ತದೆ. ಪರೀಕ್ಷಿಸುವ ಟೆಸ್ಟರ್ ಕೆಲವೇ ಡಾಲರಿಗೆ ಸಿಗುತ್ತದೆ.

ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್, ಹಾಕುವಾಗ ತಿರುವುಮುರುವು. ಪೂರ್ತಿ ಚಾರ್ಜಾದ ಲೆಡ್-ಆಸಿಡ್ ಬ್ಯಾಟರಿ -20 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು -10ರ ಹೊತ್ತಿಗೇ ಹೆಪ್ಪುಗಟ್ಟಿ ಒಡೆಯಬಹುದು. ಮಲ್ಟಿಮೀಟರಿನಲ್ಲಿ 12.6 ವೋಲ್ಟಿಗಿಂತ ಮೇಲಿರಲಿ, 12.4ಕ್ಕೆ ಇಳಿದರೆ ಚಾರ್ಜ್ ಮಾಡಿ. ಸುಮಾರು 1 ಆಂಪಿಯರಿನ ಬ್ಯಾಟರಿ ಮೇಂಟೇನರ್ (ಬ್ಯಾಟರಿ ತುಂಬಿದ ಮೇಲೆ ತಾನೇ ಚಾರ್ಜ್ ತಗ್ಗಿಸುವ ಸಣ್ಣ ಚಾರ್ಜರ್) ಕೊಳ್ಳಿ, ಚಳಿಗಾಲವಿಡೀ ಹಾಕಿಟ್ಟರೂ ತೊಂದರೆಯಿಲ್ಲ. ಕಾರಿನ ಹಳೆ ಚಾರ್ಜರ್ ಹಾಕಿ ಮರೆತರೆ ಬ್ಯಾಟರಿ ಒಣಗಿಹೋಗುತ್ತದೆ. ಲಿಥಿಯಂ ಬ್ಯಾಟರಿಗೆ ಅದರದ್ದೇ ಚಾರ್ಜರ್ ಬೇಕು, ಅದನ್ನು ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬಾರದು.

ಉಳಿದದ್ದು ಅರ್ಧ ಗಂಟೆಯ ಕೆಲಸ. ತೊಳೆದು ಒಣಗಿಸಿ, ಚೈನನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಲ್ಯೂಬ್ ಹಾಕಿ. ಬ್ರೇಕ್ ಡಿಸ್ಕಿಗೆ ಮಾತ್ರ ಎಣ್ಣೆ ತಾಕಬಾರದು. ಟೈರುಗಳಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು ಗಾಳಿ ತುಂಬಿ ಸೆಂಟರ್ ಸ್ಟ್ಯಾಂಡ್ ಹಾಕಿ. ಅದಿಲ್ಲದಿದ್ದರೆ ಚಕ್ರದಡಿ ಪ್ಲೈವುಡ್ ಇಟ್ಟು ತಿಂಗಳಿಗೊಮ್ಮೆ ಸ್ವಲ್ಪ ಉರುಳಿಸಿ.

ಇಲಿ ಇಲ್ಲಿ ದೊಡ್ಡ ತಲೆನೋವು. ಏರ್ ಬಾಕ್ಸಿನಲ್ಲಿ (ಏರ್ ಫಿಲ್ಟರ್ ಇರುವ ಪೆಟ್ಟಿಗೆ) ಗೂಡು ಕಟ್ಟುತ್ತದೆ, ವೈರ್ ಕಡಿಯುತ್ತದೆ. ಸೈಲೆನ್ಸರ್ ತಣ್ಣಗಾದ ಮೇಲೆ ಅದರ ಬಾಯಿಗೂ ಏರ್ ಇನ್‌ಟೇಕಿಗೂ ಬಟ್ಟೆ ತುರುಕಿ, ತುದಿ ಹೊರಗೆ ಕಾಣುವಂತೆ ಬಿಡಿ. ಹ್ಯಾಂಡಲಿಗೆ ಒಂದು ಚೀಟಿ ಕಟ್ಟಿ, ಏಪ್ರಿಲ್‌ನಲ್ಲಿ ಖಂಡಿತ ಮರೆತಿರುತ್ತೀರಿ. ಮೇಲೆ ಗಾಳಿಯಾಡುವ ಕವರ್ ಹೊದಿಸಿ. ಪ್ಲಾಸ್ಟಿಕ್ ಟಾರ್ಪಾಲು ತೇವವನ್ನು ಒಳಗೇ ಹಿಡಿದಿಡುತ್ತದೆ.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸುವುದಾದರೆ ಮ್ಯಾನೇಜ್‌ಮೆಂಟಿನ ಅನುಮತಿ ಬರಹದಲ್ಲಿ ತೆಗೆದುಕೊಳ್ಳಿ. ವಿಮೆ ರದ್ದು ಮಾಡಬೇಡಿ, ಕಳವು, ಬೆಂಕಿಯ ರಕ್ಷಣೆ ಚಳಿಗಾಲದಲ್ಲೂ ಬೇಕು.

ವಸಂತದಲ್ಲಿ ಬಟ್ಟೆ ತೆಗೆದು, ಟೈರಿನ ಗಾಳಿ, ಬ್ರೇಕ್, ಲೈಟ್ ನೋಡಿ ಹೊರಡಿ. ಏಪ್ರಿಲ್‌ನಲ್ಲಿ ತಿರುವುಗಳಲ್ಲಿ ಚಳಿಗಾಲದ ಮರಳು, ಜಲ್ಲಿ ಇನ್ನೂ ಬಿದ್ದಿರುತ್ತದೆ. ರಸ್ತೆ ಗುಡಿಸುವವರೆಗೆ ಅಲ್ಲಿ ಮುಂದಿನ ಬ್ರೇಕನ್ನು ಜೋರಾಗಿ ಹಿಡಿಯಬೇಡಿ.