ಗಣಿತ ಒಲಿಂಪಿಯಾಡ್: ಕಟ್‌ಆಫ್ ಕೇಳುವ ಮೊದಲು ಒಂದು ಲೆಕ್ಕದ ಮುಂದೆ ಕೂರಿ

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಗೆ ಭಾನುವಾರ ಬೆಳಗ್ಗೆ ಏಳೆಂಟು ಮಕ್ಕಳು ಲೆಕ್ಕ ಮಾಡೋಕೆ ಬರುತ್ತಾರೆ. ಇಬ್ಬರು ಮಂಡ್ಯದಿಂದ ರೈಲು ಹತ್ತಿ ಬರುತ್ತಾರೆ. ಹೊಸ ಮಗುವಿನ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಸರ್, ಎಷ್ಟು ಮಾರ್ಕ್ಸ್ ಬಂದರೆ ಸೆಲೆಕ್ಟ್ ಆಗ್ತಾರೆ?"

ಎಸ್ಸೆಸ್ಸೆಲ್ಸಿಗೆ ಇರುವ ಹಾಗೆ ಇಲ್ಲಿ ಮೊದಲೇ ಗೊತ್ತಿರುವ ಪಾಸ್ ಅಂಕ ಇಲ್ಲ. ಅದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಯಾವ ಪರೀಕ್ಷೆ ಅಂತ ಸರಿಯಾಗಿ ತಿಳಿದುಕೊಳ್ಳಿ. ಶಾಲೆಗಳಲ್ಲಿ ಶುಲ್ಕ ತೆಗೆದುಕೊಂಡು ನಡೆಸುವ, ಮೆಡಲ್ ಕೊಡುವ ಬೇಕಾದಷ್ಟು 'ಒಲಿಂಪಿಯಾಡ್'ಗಳಿವೆ. ಅವು ಬೇರೆ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಭಾರತ ತಂಡಕ್ಕೆ ಹೋಗುವ ದಾರಿ ಶುರುವಾಗುವುದು ಐಒಕ್ಯೂಎಂ (ಇಂಡಿಯನ್ ಒಲಿಂಪಿಯಾಡ್ ಕ್ವಾಲಿಫೈಯರ್ ಇನ್ ಮ್ಯಾಥಮ್ಯಾಟಿಕ್ಸ್) ಎಂಬ ಪರೀಕ್ಷೆಯಿಂದ. ಇದನ್ನು ಗಣಿತ ಶಿಕ್ಷಕರ ಸಂಘ, ಅಂದರೆ ಎಂಟಿಎ ಇಂಡಿಯಾ, ಸೆಪ್ಟೆಂಬರ್ ಹೊತ್ತಿಗೆ ನಡೆಸುತ್ತದೆ. 2024ರಲ್ಲಿ ಸೆಪ್ಟೆಂಬರ್ 8, 2025ರಲ್ಲಿ ಸೆಪ್ಟೆಂಬರ್ 7, ಎರಡೂ ಭಾನುವಾರ. ಎಂಟರಿಂದ ಹನ್ನೆರಡನೇ ತರಗತಿಯವರು ಬರೆಯಬಹುದು. ಪರೀಕ್ಷೆಗೆ ಮೊದಲೇ ನೋಂದಣಿ ಮುಗಿದುಹೋಗುತ್ತದೆ. ಅದಕ್ಕೇ ಜುಲೈ ಬಂದ ಕೂಡಲೇ ಸಂಘದ ವೆಬ್‌ಸೈಟ್ ನೋಡುತ್ತಿರಿ, ಶಾಲೆಯವರು ಹೇಳ್ತಾರೆ ಅಂತ ಸುಮ್ನೆ ಕಾಯಬೇಡಿ. ಹೀಗೆ ಕಾದು ಒಂದು ವರ್ಷ ಪೂರ್ತಿ ಕಳೆದುಕೊಂಡ ಹುಡುಗಿಯನ್ನು ನೋಡಿದ್ದೇನೆ. ಈಗಲೂ ಬೇಜಾರಾಗುತ್ತದೆ.

ಪ್ರಶ್ನೆಪತ್ರಿಕೆ ಹೀಗಿರುತ್ತದೆ: ಮೂರು ಗಂಟೆ, 30 ಪ್ರಶ್ನೆ, 100 ಅಂಕ. ಹತ್ತು ಪ್ರಶ್ನೆಗೆ ತಲಾ 2, ಹತ್ತಕ್ಕೆ ತಲಾ 3, ಹತ್ತಕ್ಕೆ ತಲಾ 5. ಅಂದರೆ ಅರ್ಧ ಅಂಕ ಕಷ್ಟದ ಹತ್ತರಲ್ಲೇ ಇದೆ, ಅಲ್ವಾ? ಎಲ್ಲ ಉತ್ತರವೂ 00ರಿಂದ 99ರ ಒಳಗಿನ ಪೂರ್ಣಸಂಖ್ಯೆ. ತಪ್ಪಾದರೆ ಅಂಕ ಕಳೆಯುವುದಿಲ್ಲ, ಆದರೆ ಆರಿಸೋಕೆ ನಾಲ್ಕು ಆಯ್ಕೆ ಕೊಟ್ಟಿರುವುದಿಲ್ಲವಾದ್ದರಿಂದ ಊಹೆ ಮಾಡಿ ಗೆಲ್ಲೋಕೆ ಆಗಲ್ಲ.

ಈಗ ಆ ಕಟ್‌ಆಫ್, ಅಂದರೆ ಆಯ್ಕೆಯಾಗೋಕೆ ಬೇಕಾದ ಕನಿಷ್ಠ ಅಂಕದ ವಿಷಯ. ಒಂದೊಂದು ಪ್ರಾಂತ್ಯದಿಂದಲೂ ಮೇಲಿನ ಇಷ್ಟು ಮಕ್ಕಳು ಅಂತ ಆರಿಸುತ್ತಾರೆ. ನಮ್ಮ ಮಕ್ಕಳ ಪೈಪೋಟಿ ಕರ್ನಾಟಕದ ಮಕ್ಕಳ ಜೊತೆ. ಪತ್ರಿಕೆ ಕಷ್ಟವಾಗಿದ್ದರೆ ಕಟ್‌ಆಫ್ ಇಳಿಯುತ್ತದೆ, ಸುಲಭವಾಗಿದ್ದರೆ ಏರುತ್ತದೆ. ಹನ್ನೆರಡನೇ ತರಗತಿಯವರ ಲೆಕ್ಕ ಬೇರೆ, ನವೋದಯ ಮತ್ತು ಕೇಂದ್ರೀಯ ವಿದ್ಯಾಲಯದವರ ಪಟ್ಟಿ ಬೇರೆ, ಹೆಣ್ಣುಮಕ್ಕಳಿಗೆ ಹೆಚ್ಚುವರಿ ಸ್ಥಾನಗಳೂ ಇವೆ. ಹಾಗಾಗಿ ಹೋದ ವರ್ಷದ ಅಂಕ ಹಿಡಿದುಕೊಂಡು "ಇಷ್ಟು ಬಂದರೆ ಸಾಕು" ಅಂತ ಮಗುವಿಗೆ ಹೇಳಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ.

ಇಲ್ಲಿ ದಾಟಿದವರಿಗೆ ಮುಂದಿನದು ಪ್ರಾದೇಶಿಕ ಒಲಿಂಪಿಯಾಡ್, ಆರ್‌ಎಂಒ. ಆರು ಪ್ರಶ್ನೆ, ಮೂರು ಗಂಟೆ. ಆಮೇಲೆ ಜನವರಿಯಲ್ಲಿ ರಾಷ್ಟ್ರೀಯ ಒಲಿಂಪಿಯಾಡ್, ಐಎನ್‌ಎಂಒ, ಆರು ಪ್ರಶ್ನೆ, ನಾಲ್ಕೂವರೆ ಗಂಟೆ. ಅಲ್ಲಿಂದ ತರಬೇತಿ ಶಿಬಿರ, ಕೊನೆಗೆ ಆರು ಜನರ ತಂಡ. ಭಾರತ 1989ರಿಂದ ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗೆ ತಂಡ ಕಳಿಸುತ್ತಿದೆ. 2024ರಲ್ಲಿ ಇಂಗ್ಲೆಂಡಿನ ಬಾತ್‌ನಲ್ಲಿ ನಮ್ಮವರು ನಾಲ್ಕು ಚಿನ್ನ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂದರು.

ತಯಾರಿ ಹೇಗೆ? ವಿಷಯಗಳು ನಾಲ್ಕೇ: ಬೀಜಗಣಿತ, ರೇಖಾಗಣಿತ, ಸಂಖ್ಯಾಸಿದ್ಧಾಂತ, ಮತ್ತೆ ಎಣಿಕೆಯ ಲೆಕ್ಕಗಳು. ಕಲನಶಾಸ್ತ್ರ (ಕ್ಯಾಲ್ಕುಲಸ್) ಬೇಡ. ಒಂಬತ್ತು, ಹತ್ತನೇ ತರಗತಿಯ ಪುಸ್ತಕದಲ್ಲಿರುವ ಸಮರೂಪ ತ್ರಿಭುಜ, ಚಕ್ರೀಯ ಚತುರ್ಭುಜ, ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ), ಶೇಷ, ಇವೇ ಬುನಾದಿ. ಆದರೆ ಶಾಲೆಯಲ್ಲಿ ಒಂದು ಲೆಕ್ಕಕ್ಕೆ ಐದು ನಿಮಿಷ, ಇಲ್ಲಿ ಒಂದು ಲೆಕ್ಕಕ್ಕೆ ಎರಡು ದಿನವೂ ಆಗಬಹುದು. ಆ ಎರಡು ದಿನ ಉತ್ತರ ನೋಡದೆ ಇರುವುದನ್ನು ಕಲಿಯಬೇಕು. ನನ್ನ ಪ್ರಕಾರ ತಯಾರಿಯ ಮುಕ್ಕಾಲು ಭಾಗ ಇದೇ.

ಒಂದು ಉದಾಹರಣೆ. 7×7×7 ಹೀಗೆ ಒಟ್ಟು 2026 ಏಳುಗಳನ್ನು ಗುಣಿಸಿದರೆ ಕೊನೆಯ ಎರಡು ಅಂಕಿ ಯಾವುದು? ಮಕ್ಕಳು ಮೊದಲು ಗಾಬರಿಯಾಗುತ್ತಾರೆ. ಸುಮ್ನೆ ನಾಲ್ಕು ಸಲ ಗುಣಿಸಿ ನೋಡು ಅನ್ನುತ್ತೇನೆ. ಕೊನೆಯ ಎರಡು ಅಂಕಿ 07, 49, 43, 01 ಅಂತ ಬರುತ್ತದೆ, ಆಮೇಲೆ ಮತ್ತೆ 07. ನಾಲ್ಕಕ್ಕೊಂದು ಸುತ್ತು. 2026ನ್ನು ನಾಲ್ಕರಿಂದ ಭಾಗಿಸಿದರೆ ಶೇಷ 2, ಹಾಗಾಗಿ ಉತ್ತರ 49. ಈ ಸುತ್ತನ್ನು ತಾನೇ ಕಂಡುಕೊಂಡ ಮಗುವಿಗೆ ಸೂತ್ರ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಆರ್‌ಎಂಒಗೆ ಇನ್ನೊಂದು ಅಭ್ಯಾಸ ಬೇಕು, ಸಾಧನೆ (ಪ್ರೂಫ್) ಬರೆಯುವುದು. ಅಲ್ಲಿ ಬರೀ ಉತ್ತರಕ್ಕೆ ಬೆಲೆ ಇಲ್ಲ. 1ರಿಂದ 100ರವರೆಗಿನ ಸಂಖ್ಯೆಗಳಲ್ಲಿ ಯಾವುದಾದರೂ 51 ಆರಿಸಿ, ಅವುಗಳಲ್ಲಿ ಎರಡು ಪಕ್ಕಪಕ್ಕದ ಸಂಖ್ಯೆ ಇದ್ದೇ ಇರುತ್ತವೆ ಎಂದು ಸಾಧಿಸಿ ಅಂದರೆ, ಹೆಚ್ಚಿನ ಮಕ್ಕಳು ಹತ್ತು ಉದಾಹರಣೆ ಬರೆದು "ಬಂತು ಸರ್" ಅನ್ನುತ್ತಾರೆ. ಅದು ಸಾಧನೆ ಅಲ್ಲ. 1-2, 3-4, ಹೀಗೆ 99-100ರವರೆಗೆ ಐವತ್ತು ಜೋಡಿ ಮಾಡಿ. ಐವತ್ತೊಂದು ಸಂಖ್ಯೆ ಆರಿಸಿದರೆ ಯಾವುದಾದರೂ ಒಂದು ಜೋಡಿಯ ಎರಡೂ ಸಂಖ್ಯೆ ಬರಲೇಬೇಕು. ಮುಗಿಯಿತು, ಇಷ್ಟೇ. ವಾರಕ್ಕೆ ಇಂಥ ಎರಡು ಸಾಧನೆ ನೀಟಾಗಿ ಬರೆಸಿ, ಇನ್ನೊಂದು ಮಗುವಿಗೆ ಓದೋಕೆ ಕೊಡಿ. ಅದಕ್ಕೆ ಅರ್ಥವಾಗದ ಸಾಲಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಲಿ.

ಐಒಕ್ಯೂಎಂಗೂ ಆರ್‌ಎಂಒಗೂ ಮಧ್ಯೆ ನಮಗೆ ದಸರಾ ರಜೆ ಸಿಗುತ್ತದೆ. ಜಂಬೂಸವಾರಿ ನೋಡಲಿ, ವಸ್ತುಪ್ರದರ್ಶನಕ್ಕೂ ಹೋಗಲಿ. ಉಳಿದ ದಿನ ಬೆಳಗ್ಗೆ ಎರಡು ಗಂಟೆ ಹಳೆಯ ಪತ್ರಿಕೆ ಬಿಡಿಸಲಿ. ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ವೆಬ್‌ಸೈಟ್‌ನಲ್ಲಿ ಹಳೆಯ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಪತ್ರಿಕೆಯನ್ನೇ ಓದಿ, ಪದಗಳನ್ನು ಒಂದು ಪುಸ್ತಕದಲ್ಲಿ ಕನ್ನಡದ ಜೊತೆ ಬರೆದಿಟ್ಟುಕೊಂಡರೆ ಸಾಕು. 'ಡಿವಿಸರ್' ಅಂದರೆ ಭಾಜಕ, 'ಪ್ರೈಮ್' ಅಂದರೆ ಅವಿಭಾಜ್ಯ. ಐವತ್ತು ಅರವತ್ತು ಪದ ಆಗುವ ಹೊತ್ತಿಗೆ ಭಾಷೆಯ ಭಯ ಹೋಗಿರುತ್ತದೆ, ಲೆಕ್ಕದಲ್ಲಿ ಅವರು ಯಾರಿಗೂ ಕಡಿಮೆ ಇಲ್ಲ.

ಪರೀಕ್ಷೆಯ ದಿನ ಮಂಡ್ಯದ ಕಡೆಯವರ ಕೇಂದ್ರ ಮೈಸೂರಿನಲ್ಲಿದ್ದರೆ ಒಂದು ರೈಲು ಮೊದಲೇ ಹೊರಡಿ. ಮೊದಲ ಹತ್ತು ನಿಮಿಷ ಪೂರ್ತಿ ಪತ್ರಿಕೆ ಓದಲಿ, ಬರುವುದನ್ನು ಗುರುತು ಮಾಡಿಕೊಳ್ಳಲಿ. ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಕೊನೆಯ ಹದಿನೈದು ನಿಮಿಷ ಉತ್ತರ ಗುರುತು ಹಾಕುವ ಓಎಂಆರ್ ಹಾಳೆಗೇ ಇಟ್ಟುಕೊಳ್ಳಿ, ಉತ್ತರ 7 ಬಂದಿದ್ದರೆ ಅಲ್ಲಿ 07 ಅಂತ ಎರಡೂ ಅಂಕಿಗೆ ಗುರುತು ಹಾಕಬೇಕು.